ರಾತ್ರಿ ಮಲಗುವಾಗ 130, ಬೆಳಗ್ಗೆ ಎದ್ದರೆ 175. ಏನೂ ತಿನ್ನದೆ ಶುಗರ್ ಏರುವುದು ಹೇಗೆ?

ಕಲ್ಪತರು_ತಿಪಟೂರು
ನಮಸ್ಕಾರ ಎಲ್ಲರಿಗೂ. ನನಗೆ 54 ವರ್ಷ. ಶುಗರ್ ಗೊತ್ತಾಗಿ ಆರು ವರ್ಷವಾಯಿತು. ಬೆಳಗ್ಗೆ ತಿಂಡಿ ಹೊತ್ತಿಗೆ ಗ್ಲಿಮೆಪಿರೈಡ್ 1 ಎಂಜಿ, ರಾತ್ರಿ ಊಟದ ಜೊತೆ ಮೆಟ್‌ಫಾರ್ಮಿನ್ ಎಸ್‌ಆರ್ 1000. ಇನ್ಸುಲಿನ್ ಇಲ್ಲ. ಹೋದ ಸಲದ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 7.6.

ತಲೆ ಕೆಡಿಸಿರುವುದು ಬೆಳಗಿನ ಖಾಲಿ ಹೊಟ್ಟೆ ಶುಗರ್. ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ ನೋಡಿದರೆ 150ರ ಆಸುಪಾಸು ಇರುತ್ತದೆ. ರಾತ್ರಿ ಎಂಟೂವರೆಗೆ ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ. ಹತ್ತೂವರೆಗೆ ಮಲಗುವಾಗ 130. ಬೆಳಗ್ಗೆ ಆರೂವರೆಗೆ ಎದ್ದು ನೋಡಿದರೆ 170, 175, ಒಂದೊಂದು ದಿನ 180. ನಡುವೆ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕುವುದಿಲ್ಲ.

ಮನೆಯವಳಿಗೆ ಅನುಮಾನ, ರಾತ್ರಿ ಎದ್ದು ಏನೋ ತಿನ್ನುತ್ತೇನೆ ಅಂತ. ಕೊಬ್ಬರಿ ಮಿಠಾಯಿ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಮಾಡದ ತಪ್ಪಿಗೆ ಮಾತು ಕೇಳುವುದು ನಿಜಕ್ಕೂ ಬೇಜಾರು. ಡಾಕ್ಟರ್ ಹತ್ತಿರ ಹೋದರೂ "ರಾತ್ರಿ ಊಟ ಕಮ್ಮಿ ಮಾಡಿ" ಅಂತ ಒಂದೇ ಮಾತು.

ರಾತ್ರಿ ಊಟ ಬಿಟ್ಟೇಬಿಡಲಾ? ಮಾತ್ರೆ ಒಂದೂವರೆ ಮಾಡಿಕೊಳ್ಳಲಾ? ಗೊತ್ತಿರುವವರು ದಯವಿಟ್ಟು ಹೇಳಿ.

ಕೊಡಚಾದ್ರಿ_ಹಾದಿ
ನನ್ನದೂ ಇದೇ ಕಥೆ ಸರ್. ರಾತ್ರಿ 118, ಬೆಳಗ್ಗೆ 152. ಉತ್ತರ ಬರಲಿ, ನಾನೂ ಕಾಯುತ್ತೇನೆ.

ಲ್ಯಾಬ್_ಮೈಸೂರು
ಮೊದಲು ಮೀಟರಿನ ವಿಷಯ ಮುಗಿಸಿಕೊಳ್ಳೋಣ. ಎದ್ದ ಕೂಡಲೇ ಕೈ ತೊಳೆಯದೆ ಚುಚ್ಚಿಕೊಳ್ಳುವವರು ತುಂಬಾ ಜನ. ರಾತ್ರಿ ಬಾಳೆಹಣ್ಣು ಸುಲಿದ ಬೆರಳಾದರೆ ಅದರ ಅಂಟಿನಿಂದಲೇ ರೀಡಿಂಗ್ ಮೇಲೆ ಹೋಗುತ್ತದೆ. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ, ಆಮೇಲೆ ಚುಚ್ಚಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಡಬೇಡಿ. ತೇವ ತಗುಲಿದರೆ ಸ್ಟ್ರಿಪ್ ಕೆಡುತ್ತದೆ. ಅವಧಿ ಮುಗಿದಿದೆಯೇ ಅಂತಲೂ ನೋಡಿ.

ಇನ್ನೊಂದು ಮಾತು. ಮನೆಯ ಮೀಟರಿಗೆ 15 ಶೇಕಡಾದಷ್ಟು ಹೆಚ್ಚುಕಮ್ಮಿ ಇರಲು ಅವಕಾಶವಿದೆ. ಅಂದರೆ ನಿಜವಾದ ಶುಗರ್ 150 ಇದ್ದಾಗ 128 ತೋರಿಸಿದರೂ 172 ತೋರಿಸಿದರೂ ಮೀಟರ್ ಕೆಟ್ಟಿದೆ ಅಂತ ಅರ್ಥವಲ್ಲ. ಹಾಗಾಗಿ ಒಂದು ದಿನದ ನಂಬರ್ ಹಿಡಿದು ಕೂರಬೇಡಿ. ಆದರೆ ನಿಮ್ಮದು ದಿನಾ ಒಂದೇ ಥರ 40ರಷ್ಟು ಏರುತ್ತಿದೆ. ಅದು ಮೀಟರ್ ಆಟ ಅಂತ ನನಗೆ ಅನ್ನಿಸುವುದಿಲ್ಲ.

ಸ್ಟಾಫ್‌ನರ್ಸ್_ಕುಂದಾಪುರ
ಸರ್, ಮೊದಲು ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ. ಏನೂ ತಿನ್ನದೆ ಬೆಳಗಿನ ಶುಗರ್ ಏರಬಹುದು. ನಮ್ಮ ಡಯಾಬಿಟಿಸ್ ಒಪಿಡಿಯಲ್ಲಿ ದಿನಾ ಕೇಳುವ ಪ್ರಶ್ನೆ ಇದು, ಎಷ್ಟೋ ಮನೆಗಳಲ್ಲಿ ಇದೇ ಜಗಳ.

ನಮ್ಮ ಲಿವರ್ ಸಕ್ಕರೆಯ ಕಣಜ. ಊಟ ಇಲ್ಲದ ಹೊತ್ತಿನಲ್ಲಿ, ಅಂದರೆ ರಾತ್ರಿಯಿಡೀ, ಅದು ಸ್ವಲ್ಪ ಸ್ವಲ್ಪ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಬೆಳಗಿನ ಜಾವ ಮೂರು ನಾಲ್ಕು ಗಂಟೆಯಿಂದ ಮೈ ಏಳುವುದಕ್ಕೆ ಸಿದ್ಧವಾಗುತ್ತದೆ. ಕಾರ್ಟಿಸಾಲ್, ಗ್ರೋತ್ ಹಾರ್ಮೋನ್ ಇವೆಲ್ಲ ಆಗ ಜಾಸ್ತಿ ಇರುತ್ತವೆ. ಅವು ಲಿವರಿನಿಂದ ಹೆಚ್ಚು ಸಕ್ಕರೆ ಬಿಡಿಸುತ್ತವೆ, ಇನ್ಸುಲಿನ್ ಕೆಲಸವನ್ನೂ ತಗ್ಗಿಸುತ್ತವೆ. ಶುಗರ್ ಇಲ್ಲದವರಲ್ಲೂ ಹೀಗೇ ಆಗುತ್ತದೆ, ಆದರೆ ಅವರ ಮೇದೋಜೀರಕ ಗ್ರಂಥಿ ಆ ಹೊತ್ತಿಗೆ ಇನ್ನಷ್ಟು ಇನ್ಸುಲಿನ್ ಬಿಟ್ಟು ಸರಿ ಮಾಡಿಕೊಳ್ಳುತ್ತದೆ. ನಮ್ಮ ಪೇಷೆಂಟುಗಳಲ್ಲಿ ಅಷ್ಟು ಶಕ್ತಿ ಉಳಿದಿರುವುದಿಲ್ಲ. ಇದಕ್ಕೆ ಡಾಕ್ಟರುಗಳು ಡಾನ್ ಫಿನಾಮಿನನ್ ಅನ್ನುತ್ತಾರೆ.

ಆದರೆ ಬೆಳಗ್ಗೆ ಜಾಸ್ತಿ ಬಂದದ್ದೆಲ್ಲ ಅದೇ ಅಂತ ತೀರ್ಮಾನ ಮಾಡಬೇಡಿ. ಮೂರು ರಾತ್ರಿ ಹೀಗೆ ಮಾಡಿ: ಮಲಗುವಾಗ ಒಂದು, ಮೂರು ಗಂಟೆಗೆ ಅಲಾರಾಂ ಇಟ್ಟು ಒಂದು, ಎದ್ದ ತಕ್ಷಣ ಒಂದು. ಮಲಗುವಾಗಲೇ 200 ಇದ್ದು ಬೆಳಗ್ಗೆಯೂ 200 ಇದ್ದರೆ ಅದು ರಾತ್ರಿ ಊಟದ್ದೋ ಔಷಧಿ ಸಾಲದೆ ಇರುವುದರದ್ದೋ ಕಥೆ. ಮಲಗುವಾಗಲೂ ಮೂರು ಗಂಟೆಗೂ ಸರಿಯಿದ್ದು ಆಮೇಲೆ ಏರಿದರೆ ಬೆಳಗಿನ ಜಾವದ ಹಾರ್ಮೋನುಗಳದ್ದು. ಮೂರು ಗಂಟೆಗೆ 70ಕ್ಕಿಂತ ಕೆಳಗಿದ್ದರೆ ಅದು ಬೇರೆಯೇ ಅಪಾಯ, ಡಾಕ್ಟರಿಗೆ ಮರುದಿನವೇ ಹೇಳಬೇಕು.

ಮಾತ್ರೆ ಒಂದೂವರೆ ಮಾಡುವುದು ಬೇಡ. ಎಸ್‌ಆರ್ ಅಂದರೆ ನಿಧಾನವಾಗಿ ಕರಗುವ ಹಾಗೆ ಮಾಡಿದ ಮಾತ್ರೆ. ಅದನ್ನು ಜಗಿಯುವುದು, ಪುಡಿ ಮಾಡುವುದು ಸಲ್ಲದು. ಕೇಳದೆ ಮುರಿಯಲೂಬೇಡಿ.

ಹೊಳೆನರಸೀಪುರ_ಹೈದ
ಮೇಡಂ, ನಮ್ಮ ಡಾಕ್ಟರ್ ಬೇರೆ ಹೇಳಿದ್ದರು. ರಾತ್ರಿ ಶುಗರ್ ತುಂಬಾ ಇಳಿದು, ಅದಕ್ಕೆ ಪ್ರತಿಯಾಗಿ ಮೈ ಸಕ್ಕರೆ ಬಿಟ್ಟು ಬೆಳಗ್ಗೆ ಏರುತ್ತದಂತೆ. ಸೊಮೋಗಿ ಎಫೆಕ್ಟ್. ಹಾಗಾಗಿ ಬೆಳಗ್ಗೆ ಜಾಸ್ತಿ ಅಂದರೆ ಔಷಧಿ ಕಮ್ಮಿ ಮಾಡಬೇಕು, ಜಾಸ್ತಿ ಅಲ್ಲ. ತಿಪಟೂರು ಸರ್, ಮಲಗುವಾಗ ಎರಡು ಬಿಸ್ಕತ್ತು ತಿಂದು ನೋಡಿ.

ಡಬ್ಲಿನ್_ಕನ್ನಡಿಗ
ಇದಕ್ಕೆ ನನ್ನ ತಕರಾರು ಇದೆ. ಮೈಕೆಲ್ ಸೊಮೋಗಿ ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕೆಲಸ ಮಾಡಿದ ವಿಜ್ಞಾನಿ. ಅವರು ಇದನ್ನು ಹೇಳಿದ್ದು 1930ರ ದಶಕದಲ್ಲಿ. ಆಗ ರಾತ್ರಿಯಿಡೀ ಶುಗರ್ ನೋಡುವ ಸಾಧನ ಯಾರ ಬಳಿಯೂ ಇರಲಿಲ್ಲ. ಈಗ ಮೈಗೆ ಅಂಟಿಸಿಕೊಂಡು ಹಗಲೂ ರಾತ್ರಿ ಶುಗರ್ ನೋಡುವ ಸೆನ್ಸರ್ ಬಂದ ಮೇಲೆ ನೋಡಿದರೆ, ರಾತ್ರಿ ಶುಗರ್ ಇಳಿದವರಲ್ಲಿ ಹೆಚ್ಚಿನವರಿಗೆ ಬೆಳಗ್ಗೆ ಕಮ್ಮಿಯೇ ಇರುತ್ತದೆ. ಬೆಳಗಿನ ಹೈ ಶುಗರಿಗೆ ಇದು ಸಾಮಾನ್ಯ ಕಾರಣ ಅಂತ ಈಗ ಹೆಚ್ಚಿನವರು ಒಪ್ಪುವುದಿಲ್ಲ. ಅಳೆಯದೆ ಬಿಸ್ಕತ್ತು ತಿನ್ನಲು ಹೇಳುವುದು ಸರಿಯಲ್ಲ ಅಣ್ಣ.

ಅಂದ ಹಾಗೆ ನನ್ನ ಇವತ್ತಿನ ಬೆಳಗಿನ ರೀಡಿಂಗ್ 8.1.

ಕೊಡಚಾದ್ರಿ_ಹಾದಿ
8.1?? ಅಯ್ಯೋ, ಆಸ್ಪತ್ರೆಗೆ ಹೋಗಿ ಸರ್!

ಡಬ್ಲಿನ್_ಕನ್ನಡಿಗ
ಗಾಬರಿ ಬೇಡ. ಇಲ್ಲಿ ಮಿಲಿಮೋಲ್ ಲೆಕ್ಕ. 18ರಿಂದ ಗುಣಿಸಿದರೆ ನಿಮ್ಮ ಮಿಲಿಗ್ರಾಂ ಲೆಕ್ಕ ಸಿಗುತ್ತದೆ, ಸುಮಾರು 146. ಊರಿಗೆ ಬಂದಾಗ ಅಪ್ಪನಿಗೆ ಇಲ್ಲಿಂದ ಮೀಟರ್ ತಂದುಕೊಡುವವರು ಇದನ್ನು ನೆನಪಿಡಿ. ಎಷ್ಟೋ ಮೀಟರುಗಳಲ್ಲಿ ಲೆಕ್ಕ ಬದಲಿಸಲು ಆಗುವುದಿಲ್ಲ. 9 ಅಂತ ನೋಡಿ ವಯಸ್ಸಾದವರು ಹೆದರಿಬಿಡುತ್ತಾರೆ.

ಅಮ್ಮನ_ಮಗಳು
ಹೊಳೆನರಸೀಪುರದ ಅಣ್ಣ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಡಿ. ನಮ್ಮ ಅಮ್ಮನಿಗೆ 71. ದಿನಕ್ಕೆ ಎರಡು ಹೊತ್ತು 30/70 ಇನ್ಸುಲಿನ್ (ಬೇಗ ಕೆಲಸ ಮಾಡುವುದು, ನಿಧಾನವಾಗಿ ಮಾಡುವುದು ಎರಡೂ ಬೆರೆಸಿದ್ದು). ಬೆಳಗ್ಗೆ 220, 240 ಬರುತ್ತಿತ್ತು. ರಾತ್ರಿ ಡೋಸ್ ಏರಿಸಿಕೊಳ್ಳುತ್ತಲೇ ಬಂದರು. ಒಂದು ರಾತ್ರಿ ನಾನು ಅವರ ಪಕ್ಕ ಮಲಗಿದ್ದೆ. ಎರಡೂವರೆ ಹೊತ್ತಿಗೆ ಎದ್ದು ಕೂತರು. ದಿಂಬು ಒದ್ದೆ, ರವಿಕೆ ಬೆನ್ನಿಗೆ ಅಂಟಿತ್ತು, ಕೈ ನಡುಗುತ್ತಿತ್ತು. ಏನೂ ಹೇಳದೆ ಅಡುಗೆಮನೆಗೆ ಹೋಗಿ ಬೆಲ್ಲದ ಅಚ್ಚು ಮುರಿದು ಬಾಯಿಗೆ ಹಾಕಿಕೊಂಡು, ಮೇಲೆ ಒಂದು ಲೋಟ ಸಕ್ಕರೆ ಹಾಲು ಕುಡಿದರು. ಕೇಳಿದರೆ "ಎಷ್ಟೋ ದಿನ ಹೀಗೆ ಆಗುತ್ತೆ ಬಿಡು, ಬೆಲ್ಲ ತಿಂದರೆ ಸರಿಹೋಗುತ್ತೆ" ಅಂದರು. ಮರುದಿನ ಮಧ್ಯರಾತ್ರಿ ನೋಡಿದರೆ 58.

ಡಾಕ್ಟರಿಗೆ ಹೇಳಿದ ಮೇಲೆ ರಾತ್ರಿ ಇನ್ಸುಲಿನ್ ಕಮ್ಮಿ ಮಾಡಿದರು. ಬೆಳಗಿನ ನಂಬರ್ ಏರುವ ಬದಲು ಇಳಿಯಿತು!

ಸ್ಟಾಫ್‌ನರ್ಸ್_ಕುಂದಾಪುರ
ಇದನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು. ನೋಡಿ, ಇಲ್ಲಿ ಬೆಳಗ್ಗೆ 220 ಬಂದದ್ದರಲ್ಲಿ ದೊಡ್ಡ ಪಾಲು ಆ ಬೆಲ್ಲ ಮತ್ತು ಹಾಲಿನದು. ಲೋ ಆದಾಗ ಹೊಟ್ಟೆ ಹಸಿವು, ಭಯ ಎರಡೂ ಸೇರಿ ಜನ ಬೇಕಾದ್ದಕ್ಕಿಂತ ಮೂರು ಪಟ್ಟು ತಿನ್ನುತ್ತಾರೆ. ಅದು ಅವರ ತಪ್ಪಲ್ಲ, ಆ ಹೊತ್ತಿಗೆ ಬುದ್ಧಿ ನೆಟ್ಟಗೆ ಓಡುವುದಿಲ್ಲ.

ಮಾಡಬೇಕಾದ್ದು ಇಷ್ಟು. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಕೆಳಗಿದ್ದರೆ ಇನ್ನೊಮ್ಮೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ.

ಇನ್ಸುಲಿನ್ ತಗೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆಯವರು ಮೂರು ಗಂಟೆಯ ರೀಡಿಂಗ್ ನೋಡದೆ ರಾತ್ರಿ ಡೋಸ್ ಏರಿಸಲೇಬಾರದು. ಬರೀ ಮೆಟ್‌ಫಾರ್ಮಿನ್ ಇರುವವರಿಗೆ ರಾತ್ರಿ ಲೋ ಆಗುವುದು ಅಪರೂಪ. ಆದರೆ ಊಟ ಬಿಟ್ಟು ಮದ್ಯ ಕುಡಿದು ಮಲಗಿದರೆ ಯಾರಿಗೂ ಆಗಬಹುದು.

ನಿವೃತ್ತ_ಮೇಷ್ಟ್ರು
ಇಷ್ಟೆಲ್ಲ ಯಾಕೆ? ಹಿತ್ತಲಲ್ಲಿ ಇನ್ಸುಲಿನ್ ಗಿಡ ಹಾಕಿ. ದಿನಾ ಬೆಳಗ್ಗೆ ಒಂದು ಎಲೆ ಜಗಿಯಿರಿ. ಜೊತೆಗೆ ರಾತ್ರಿ ನೆನೆಸಿದ ಮೆಂತ್ಯ, ಹಾಗಲಕಾಯಿ ರಸ. ನಮ್ಮ ಬೀದಿಯಲ್ಲಿ ಒಬ್ಬರು ಮಾತ್ರೆ ಬಿಟ್ಟೇಬಿಟ್ಟರು.

ಸ್ಟಾಫ್‌ನರ್ಸ್_ಕುಂದಾಪುರ
ಮೇಷ್ಟ್ರೇ, ನಮ್ಮ ಮನೆಯ ಹಿತ್ತಲಲ್ಲೂ ಆ ಗಿಡ ಇದೆ. ಎಲೆ ಹುಳಿಹುಳಿ, ತಿನ್ನಲು ಚೆನ್ನಾಗಿಯೇ ಇರುತ್ತದೆ. ಅದರ ಹೆಸರಿನಲ್ಲಿ ಇನ್ಸುಲಿನ್ ಇದೆ, ಎಲೆಯಲ್ಲಿ ಇನ್ಸುಲಿನ್ ಇಲ್ಲ. ಮೆಂತ್ಯದಲ್ಲಿ ನಾರು ಜಾಸ್ತಿ, ಅಡುಗೆಯಲ್ಲಿ ಬಳಸಿ, ಒಳ್ಳೆಯದೇ. ನನಗೆ ಸಿಟ್ಟು ಬರುವುದು "ಮಾತ್ರೆ ಬಿಟ್ಟೇಬಿಟ್ಟರು" ಅನ್ನುವ ಮಾತಿಗೆ. ಹಾಗೆ ಬಿಟ್ಟವರು ಕೆಲವು ತಿಂಗಳಾದ ಮೇಲೆ ಕಾಲಿನ ಗಾಯ ಇಟ್ಟುಕೊಂಡು ನಮ್ಮ ವಾರ್ಡಿಗೆ ಬರುತ್ತಾರೆ. ಡ್ರೆಸಿಂಗ್ ಮಾಡುವವಳು ನಾನು. ದಯವಿಟ್ಟು ಬೇರೆಯವರಿಗೆ ಹಾಗೆ ಹೇಳಬೇಡಿ.

ನಿವೃತ್ತ_ಮೇಷ್ಟ್ರು
ಮಾತ್ರೆ ಬಿಡಿ ಅಂತ ನಾನು ಯಾರಿಗೂ ಹೇಳಿಲ್ಲಮ್ಮ. ಆ ಮನುಷ್ಯ ಬಿಟ್ಟದ್ದನ್ನು ಹೇಳಿದೆ ಅಷ್ಟೇ. ನಾನಂತೂ ಮಾತ್ರೆ, ಎಲೆ ಎರಡೂ ತಗೊಳ್ಳುತ್ತೇನೆ.

ಸ್ಟಾಫ್‌ನರ್ಸ್_ಕುಂದಾಪುರ
ಸರಿ ಮೇಷ್ಟ್ರೇ. ಎಲೆ, ಕಷಾಯ ಏನೇ ಇರಲಿ, ಡಾಕ್ಟರಿಗೆ ಹೇಳಿಬಿಡಿ. ಮಾತ್ರೆಯ ಜೊತೆ ಸೇರಿ ಶುಗರ್ ತೀರಾ ಇಳಿದರೆ ಅವರಿಗೆ ಕಾರಣ ಗೊತ್ತಿರಬೇಕಲ್ವಾ?

ಧಾರವಾಡ_ಸಾಧನಕೇರಿ
ತಿಪಟೂರು ಸರ್, ಆ ಮುದ್ದೆ ಬಿಟ್ಟು ಜೋಳದ ರೊಟ್ಟಿಗೆ ಬರ್ರಿ. ಎಲ್ಲಾ ಸರಿಹೋಗುತ್ತದೆ.

ಹೊಳೆನರಸೀಪುರ_ಹೈದ
ಮುದ್ದೆ ಮೇಲೆ ಯಾಕೆ ಬಂದಿರಿ? ರಾಗಿ ಶುಗರಿಗೆ ಒಳ್ಳೆಯದು ಅಂತ ಇಡೀ ದೇಶ ಹೇಳುತ್ತಿದೆ.

ಲ್ಯಾಬ್_ಮೈಸೂರು
ಒಳ್ಳೆಯದು ಅಂದರೆ ಎಷ್ಟು ಬೇಕಾದರೂ ತಿನ್ನಬಹುದು ಅಂತಲ್ಲ. ರಾಗಿಯಲ್ಲೂ ಪಿಷ್ಟ ತುಂಬಾ ಇದೆ. ಅಕ್ಕಿಗಿಂತ ನಾರು, ಕ್ಯಾಲ್ಸಿಯಂ ಜಾಸ್ತಿ, ಅದು ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನಲ್ಲಿ ದೊಡ್ಡ ಮುದ್ದೆ ಎರಡು ಇಳಿಸಿದರೆ ಶುಗರ್ ಏರದೆ ಇನ್ನೇನಾಗುತ್ತದೆ? ರಾಗಿ ಅಂಬಲಿ, ರಾಗಿ ಮಾಲ್ಟ್ ಇನ್ನೂ ಬೇಗ ಏರಿಸುತ್ತದೆ, ಅಗಿಯುವ ಕೆಲಸವೇ ಇಲ್ಲ. ರೊಟ್ಟಿಯದ್ದೂ ಅಷ್ಟೇ, ಎರಡು ತಿನ್ನುವುದು ಬೇರೆ, ಐದು ಬೇರೆ. ಜಗಳ ಬೇಡ, ತಿಂದು ಎರಡು ಗಂಟೆ ಬಿಟ್ಟು ಅವರವರ ಬೆರಳು ಚುಚ್ಚಿ ನೋಡಿಕೊಳ್ಳಲಿ.

ಆದರೆ ಈ ಸರ್‌ಗೆ ಮಲಗುವಾಗ 130 ಇದೆ. ಅಂದರೆ ಮುದ್ದೆಯ ಸಕ್ಕರೆ ಆಗಲೇ ಬಹುಪಾಲು ಇಳಿದಾಗಿದೆ. ಇವರ ವಿಷಯದಲ್ಲಿ ಮುದ್ದೆಯನ್ನು ಯಾಕೆ ಬೈಯಬೇಕು?

ಧಾರವಾಡ_ಸಾಧನಕೇರಿ
ಆಯ್ತು ಬಿಡ್ರಿ, ಒಪ್ಪಿದೆ. ಮತ್ತೆ ಬೆಲ್ಲದ ಕಾಫಿ ನಡೀತದೇನು? ಸಕ್ಕರೆ ಬಿಟ್ಟು ಬೆಲ್ಲ ಹಾಕಿದರೆ ತೊಂದರೆ ಇಲ್ಲ ಅಂತಾರೆ.

ಸ್ಟಾಫ್‌ನರ್ಸ್_ಕುಂದಾಪುರ
ನಡೆಯುವುದಿಲ್ಲ. ಬೆಲ್ಲ, ಜೇನುತುಪ್ಪ, ಸಕ್ಕರೆ ಮೂರೂ ಶುಗರ್ ಏರಿಸುತ್ತವೆ.

ರಾಯಚೂರು_ಬಿಸಿಲು
ಇನ್ಸುಲಿನ್ ತಗೊಳ್ಳುವವರಿಗೆ ಒಂದು ಮಾತು. ನಮ್ಮ ತಂದೆಗೆ ಬೇಸಿಗೆ ಬಂದರೆ ಬೆಳಗಿನ ಶುಗರ್ ಏರುತ್ತಿತ್ತು. ಡೋಸ್ ಬದಲಿಸಿದರೂ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಇನ್ಸುಲಿನ್ ಬಾಟಲಿ ಫ್ರಿಜ್ಜಿನ ಐಸ್ ಡಬ್ಬಿಗೆ ಒತ್ತಿಕೊಂಡು ಇರುತ್ತಿತ್ತು, ಬೇಗ ತಣ್ಣಗಾಗಲಿ ಅಂತ. ಒಂದು ದಿನ ಬಾಟಲಿ ಎತ್ತಿ ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಸಣ್ಣ ಚೂರು ತೇಲುತ್ತಿದ್ದವು. ಹೆಪ್ಪುಗಟ್ಟಿ ಕೆಟ್ಟಿತ್ತು. ಹೊಸದು ತಂದ ಮೇಲೆ ನಂಬರ್ ಇಳಿಯಿತು.

ನಮ್ಮ ಕಡೆ ಕರೆಂಟ್ ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ಈಗ ಬಳಸುತ್ತಿರುವ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸಣ್ಣ ಮಡಕೆಯೊಳಗೆ ಇಟ್ಟು, ಆ ಮಡಕೆಯನ್ನು ನೀರಿರುವ ದೊಡ್ಡ ಮಡಕೆಯಲ್ಲಿ ಕೂರಿಸುತ್ತೇವೆ.

ಸ್ಟಾಫ್‌ನರ್ಸ್_ಕುಂದಾಪುರ
ಮಡಕೆ ಉಪಾಯ ಚೆನ್ನಾಗಿದೆ, ಬಿಸಿಲು ನಾಡಿನಲ್ಲಿ ನಾವೂ ಹೇಳುವುದು ಅದನ್ನೇ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನ ಕೆಳಭಾಗದಲ್ಲಿ. ಫ್ರೀಜರ್ ಹತ್ತಿರ ಬೇಡವೇ ಬೇಡ. ತೆರೆದ ಮೇಲೆ ಹೆಚ್ಚಿನವು ಸುಮಾರು ನಾಲ್ಕು ವಾರ. ಬಾಟಲಿ ಮೇಲೆ ತೆರೆದ ತಾರೀಖು ಬರೆದಿಡಿ.

ಚುಚ್ಚುವ ಜಾಗವನ್ನೂ ನೋಡಿ. ಹೊಕ್ಕುಳದ ಪಕ್ಕ ಒಂದೇ ಕಡೆ ಚುಚ್ಚುತ್ತಾ ಬಂದರೆ ಅಲ್ಲಿ ಗಂಟು ಕಟ್ಟುತ್ತದೆ. ನೋಡಿದರೆ ಕಾಣಿಸದೆ ಇರಬಹುದು, ಬೆರಳಾಡಿಸಿದರೆ ಮೆತ್ತಗೆ ಉಬ್ಬಿದ್ದು ಗೊತ್ತಾಗುತ್ತದೆ. ಅಲ್ಲಿ ನೋವು ಆಗುವುದಿಲ್ಲ ಅಂತ ಜನ ಅಲ್ಲಿಗೇ ಚುಚ್ಚುತ್ತಾರೆ. ಆದರೆ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಒಂದು ದಿನ ಶುಗರ್ ಮೇಲೆ, ಒಂದು ದಿನ ಕೆಳಗೆ. ಹಾಗಂತ ಹೊಸ ಜಾಗಕ್ಕೆ ಹೋದ ಮೊದಲ ದಿನಗಳಲ್ಲಿ ಅದೇ ಡೋಸಿಗೆ ಲೋ ಆಗಬಹುದು, ಹುಷಾರು.

ನೈಟ್‌ಶಿಫ್ಟ್_ಮಾರತಹಳ್ಳಿ
ನನ್ನ ಕೆಲಸ ಸಂಜೆ ಆರೂವರೆಯಿಂದ ಬೆಳಗಿನ ಜಾವ ಮೂರೂವರೆ. ಮಲಗುವಾಗ ಐದು ಗಂಟೆ. ನನಗೆ "ಬೆಳಗಿನ ಶುಗರ್" ಅಂದರೆ ಯಾವುದು? ಲ್ಯಾಬಿನವರು ಎಂಟು ಗಂಟೆಗೆ ಬನ್ನಿ ಅನ್ನುತ್ತಾರೆ, ನಾನು ಊಟ ಮಾಡಿದ್ದೇ ಎರಡು ಗಂಟೆಗೆ.

ಲ್ಯಾಬ್_ಮೈಸೂರು
ಕನಿಷ್ಠ ಎಂಟು ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಅದೇ ಮುಖ್ಯ. ನೀವು ಎದ್ದ ಮೇಲೆ ಮಧ್ಯಾಹ್ನ ಹನ್ನೆರಡಕ್ಕೆ ಬಂದು ಕೊಡಿ, "ಊಟ ಎರಡಕ್ಕೆ, ನೈಟ್ ಶಿಫ್ಟ್" ಅಂತ ಫಾರಂನಲ್ಲಿ ಬರೆಸಿ. ಎಚ್‌ಬಿಎ1ಸಿಗಾದರೆ ಖಾಲಿ ಹೊಟ್ಟೆ ಬೇಕಿಲ್ಲ, ಯಾವಾಗ ಬೇಕಾದರೂ ಕೊಡಬಹುದು.

ಡಬ್ಲಿನ್_ಕನ್ನಡಿಗ
ನಿದ್ದೆ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ನಾನು ಜೋರಾಗಿ ಗೊರಕೆ ಹೊಡೆಯುತ್ತೇನೆ, ನಡುವೆ ಉಸಿರು ನಿಂತ ಹಾಗಾಗುತ್ತದೆ ಅಂತ ಹೆಂಡತಿ ಹೇಳುತ್ತಿದ್ದಳು. ಪರೀಕ್ಷೆ ಮಾಡಿಸಿದರೆ ಸ್ಲೀಪ್ ಆಪ್ನಿಯಾ. ಟೈಪ್ 2 ಇರುವವರಲ್ಲಿ ಇದು ತುಂಬಾ ಇದೆಯಂತೆ. ನಿದ್ದೆ ಕೆಟ್ಟರೆ ಒತ್ತಡದ ಹಾರ್ಮೋನು ಏರಿ ಇನ್ಸುಲಿನ್ ಕೆಲಸ ತಗ್ಗುತ್ತದೆ. ಬೆಳಗ್ಗೆ ತಲೆನೋವು, ಹಗಲು ಕೂತಲ್ಲೇ ತೂಕಡಿಕೆ ಇದ್ದವರು ಡಾಕ್ಟರಿಗೆ ಹೇಳಿ.

ಟೈಪ್1_ಅಮ್ಮ
ನನ್ನ ಮಗನಿಗೆ 14, ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಶುಗರ್. ಇಲ್ಲಿ ಎಲ್ಲರೂ ಟೈಪ್ 2 ಬಗ್ಗೆ ಮಾತಾಡುತ್ತಿದ್ದೀರಿ. ಈ ವಯಸ್ಸಿನ ಮಕ್ಕಳಲ್ಲಿ ಗ್ರೋತ್ ಹಾರ್ಮೋನ್ ಜೋರು, ಬೆಳಗಿನ ಏರಿಕೆಯೂ ಜೋರು. ಮಲಗುವಾಗ 120 ಇದ್ದವನು ಆರು ಗಂಟೆಗೆ 240. ರಾತ್ರಿಯ ಇನ್ಸುಲಿನ್ ಏರಿಸಿದರೆ ಎರಡು ಗಂಟೆಗೆ ಲೋ, ಏರಿಸದಿದ್ದರೆ ಬೆಳಗ್ಗೆ ಹೈ. ಮೈಗೆ ಸಿಕ್ಕಿಸಿಕೊಳ್ಳುವ ಇನ್ಸುಲಿನ್ ಪಂಪ್ ಇದ್ದರೆ ಬೆಳಗಿನ ಜಾವಕ್ಕೆ ಮಾತ್ರ ಇನ್ಸುಲಿನ್ ಜಾಸ್ತಿ ಹೋಗುವ ಹಾಗೆ ಇಡಬಹುದು. ಆದರೆ ಅದರ ಬೆಲೆ ನಮ್ಮಂಥವರಿಗೆ ಎಟುಕುವುದಿಲ್ಲ.

ನಾವು ಸೆನ್ಸರ್ ಹಾಕಿಸುತ್ತೇವೆ, ಅದೂ ಪ್ರತಿ ಸಲ ಅಲ್ಲ. ತೋಳಿಗೆ ಅಂಟಿಸುವ ಬಿಲ್ಲೆ, 14 ದಿನ ಇರುತ್ತದೆ. ರಾತ್ರಿಯ ಗೆರೆ ಪೂರ್ತಿ ಕಾಣಿಸುತ್ತದೆ. ಒಂದು ಎಚ್ಚರಿಕೆ: ಮಗು ಆ ತೋಳಿನ ಮೇಲೇ ಮಲಗಿದರೆ ಸುಳ್ಳು ಲೋ ತೋರಿಸುತ್ತದೆ. ಮಗನನ್ನು ಎಬ್ಬಿಸಿ ಸಕ್ಕರೆ ನೀರು ಕೊಡುವ ಮುನ್ನ ಬೆರಳು ಚುಚ್ಚಿ ನೋಡುತ್ತೇವೆ.

ಟೈಪ್ 1 ಮಕ್ಕಳ ತಂದೆತಾಯಿ ಯಾರಾದರೂ ಓದುತ್ತಿದ್ದರೆ, ಊಟ ಮಾಡಲಿ ಬಿಡಲಿ, ಇನ್ಸುಲಿನ್ ನಿಲ್ಲಿಸಬೇಡಿ. ಜ್ವರ ಬಂದಾಗಲೂ ನಿಲ್ಲಿಸಬೇಡಿ.

ಕೊಡಚಾದ್ರಿ_ಹಾದಿ
ನಿಮ್ಮ ಮಗ ಚೆನ್ನಾಗಿರಲಿ ಅಕ್ಕ. ರಾತ್ರಿ ಎದ್ದು ನೋಡುವ ಕಷ್ಟ ಓದಿದರೇ ಕರುಳು ಹಿಂಡಿದ ಹಾಗಾಯಿತು.

ಕಲ್ಪತರು_ತಿಪಟೂರು
ಎಲ್ಲರಿಗೂ ಧನ್ಯವಾದ. ನರ್ಸ್ ಮೇಡಂ ಹೇಳಿದ ಹಾಗೆ ನೋಡಿದೆ. ಕೈ ತೊಳೆದು, ಅಲಾರಾಂ ಇಟ್ಟು. ಮೂರು ಗಂಟೆಯ ರೀಡಿಂಗ್ ಮನೆಯವಳೇ ನೋಡಿ ಪುಸ್ತಕದಲ್ಲಿ ಬರೆದಳು.

ಮೊದಲ ರಾತ್ರಿ: ಹತ್ತೂವರೆಗೆ 131, ಮೂರಕ್ಕೆ 127, ಆರೂವರೆಗೆ 171.
ಎರಡನೆಯದು: 138, 133, 178.
ಮೂರನೆಯದು: 124, 122, 166.

ಇನ್ನೊಂದು ವಿಚಿತ್ರ ಕಂಡೆ. ಒಂದು ದಿನ ತಿಂಡಿ ತಡವಾಗಿ ಒಂಬತ್ತೂವರೆ ಆಯಿತು. ಆಗ ನೋಡಿದರೆ 192! ಏನೂ ತಿಂದಿರಲಿಲ್ಲ.

ಸ್ಟಾಫ್‌ನರ್ಸ್_ಕುಂದಾಪುರ
ಎಷ್ಟು ಚೆನ್ನಾಗಿ ಬರೆದಿಟ್ಟಿದ್ದೀರಿ ಸರ್! ಮೂರು ಗಂಟೆವರೆಗೆ ಸಪಾಟಾಗಿದೆ, ಆಮೇಲೆ 40, 45 ಏರಿದೆ. ರಾತ್ರಿ ಲೋ ಇಲ್ಲ. ಊಟದ್ದೂ ಅಲ್ಲ. ಲಿವರ್ ಬಿಡುತ್ತಿರುವ ಸಕ್ಕರೆ ಇದು. ತಿಂಡಿ ತಡವಾದರೆ ಅದು ಬಿಡುತ್ತಲೇ ಇರುತ್ತದೆ, ಆ 192 ಅದೇ. ತಿಂಡಿ ತಿಂದಾಗ ಇನ್ಸುಲಿನ್ ಬಂದು ಲಿವರಿಗೆ "ಸಾಕು" ಅನ್ನುತ್ತದೆ. ಹಾಗಾಗಿ ಬೆಳಗ್ಗೆ ಶುಗರ್ ಜಾಸ್ತಿ ಇದೆ ಅಂತ ತಿಂಡಿ ಬಿಡುವುದು ನಿಮಗೆ ಆಗುವುದಿಲ್ಲ. ಗ್ಲಿಮೆಪಿರೈಡ್ ತಗೊಂಡು ತಿಂಡಿ ಬಿಟ್ಟರಂತೂ ಲೋ ಆಗುವ ಅಪಾಯ.

ಈ ಪುಸ್ತಕವನ್ನೇ ಡಾಕ್ಟರ ಮುಂದೆ ಇಡಿ. ಮೆಟ್‌ಫಾರ್ಮಿನ್ ಕೆಲಸ ಮಾಡುವುದೇ ಲಿವರ್ ಮೇಲೆ, ಡೋಸಿಗೆ ಇನ್ನೂ ಜಾಗ ಇದೆಯೇ ಅಂತ ಅವರು ಹೇಳಬೇಕು. ಅದಕ್ಕೆ ಮೊದಲು ಕ್ರಿಯಾಟಿನಿನ್ (ಕಿಡ್ನಿ ಸರಿಯಿದೆಯೇ ಅಂತ ತಿಳಿಸುವ ರಕ್ತಪರೀಕ್ಷೆ) ನೋಡಬೇಕಾಗುತ್ತದೆ.

ಡಬ್ಲಿನ್_ಕನ್ನಡಿಗ
ಇದನ್ನು ಅಲಕ್ಷ್ಯ ಮಾಡಬೇಡಿ ಸರ್. 2013ರಲ್ಲಿ ಫ್ರಾನ್ಸಿನಲ್ಲಿ ಟೈಪ್ 2 ಇರುವವರಿಗೆ ಸೆನ್ಸರ್ ಹಾಕಿ ನೋಡಿದ ಅಧ್ಯಯನ ಇದೆ. ಬೆಳಗಿನ ಜಾವದ ಈ ಏರಿಕೆಯಿಂದ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಹೆಚ್ಚಿರುತ್ತದೆ ಅಂತ ಸಿಕ್ಕಿತು. ನಿಮ್ಮ 7.6ರಲ್ಲಿ ಅಷ್ಟು ಇಳಿದರೆ 7ರ ಹತ್ತಿರ ಬರುತ್ತೀರಿ. ಹೆಚ್ಚಿನವರಿಗೆ ಗುರಿ 7ಕ್ಕಿಂತ ಕೆಳಗೆ, ಖಾಲಿ ಹೊಟ್ಟೆಗೆ 80ರಿಂದ 130.

ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ನಡೆಯಿರಿ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಹೋಲಿಸಿ ನೋಡಿದ್ದರು. ದಿನಕ್ಕೆ ಒಟ್ಟಿಗೆ ಅರ್ಧ ಗಂಟೆ ನಡೆದವರಿಗಿಂತ, ಪ್ರತಿ ಊಟದ ನಂತರ ಹತ್ತು ನಿಮಿಷ ನಡೆದವರಿಗೆ ಊಟದ ಮೇಲಿನ ಶುಗರ್ ಕಮ್ಮಿ ಇತ್ತು. ರಾತ್ರಿ ಊಟದ ನಂತರವೇ ಲಾಭ ಹೆಚ್ಚು.

ನಿವೃತ್ತ_ಮೇಷ್ಟ್ರು
ನಡಿಗೆ ವಿಷಯದಲ್ಲಿ ನಾನೂ ಒಪ್ಪುತ್ತೇನೆ. ಊಟ ಆದ ಮೇಲೆ ನಾವು ಗಂಡಹೆಂಡತಿ ಬೀದಿ ಕೊನೆಯ ಗುಡಿವರೆಗೆ ಹೋಗಿ ಬರುತ್ತೇವೆ. ಟಿವಿ ಮುಂದೆ ಕೂರುವುದು ತಪ್ಪಿದೆ.

ಒಂದು ಕೇಳಬೇಕಿತ್ತು. ಮೆಟ್‌ಫಾರ್ಮಿನ್ ತುಂಬಾ ವರ್ಷದಿಂದ ಇದೆ. ಪಾದದಲ್ಲಿ ಜುಂ ಅನ್ನುತ್ತದೆ, ಶುಗರಿನಿಂದಲೇ ಇರಬೇಕು ಅಲ್ವಾ?

ಲ್ಯಾಬ್_ಮೈಸೂರು
ಇರಬಹುದು ಮೇಷ್ಟ್ರೇ. ಆದರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಕಮ್ಮಿಯಾಗುವುದೂ ಇದೆ, ಅದರಿಂದಲೂ ಹೀಗೇ ಆಗುತ್ತದೆ. ಮಾತ್ರೆ ನಿಲ್ಲಿಸದೆ ಬಿ12 ಒಂದು ನೋಡಿಸಿ. ಪಾದವನ್ನೂ ಡಾಕ್ಟರಿಗೆ ತೋರಿಸಿ.

ಕಲ್ಪತರು_ತಿಪಟೂರು
ತಿರುಗಿ ಬಂದಿದ್ದೇನೆ. ಈ ಸಲ ಬೇರೆ ಡಾಕ್ಟರಿಗೆ ತೋರಿಸಿದೆ. ಪುಸ್ತಕ ತೆರೆದಿಟ್ಟ ಕೂಡಲೇ ಮೂರು ಗಂಟೆಯ ಸಾಲಿನ ಮೇಲೆ ಪೆನ್ನು ಇಟ್ಟು, "ಇದನ್ನು ನೋಡಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಊಹೆ ಮಾಡಬೇಕಿತ್ತು" ಅಂದರು. ಕ್ರಿಯಾಟಿನಿನ್ ಮಾಡಿಸಿದರು, ಸರಿ ಇದೆ. ಬೆಳಗ್ಗೆಯೂ ಮೆಟ್‌ಫಾರ್ಮಿನ್ 500 ಸೇರಿಸಿದರು. ಊಟ ಏಳೂವರೆಗೆ, ಆಮೇಲೆ ನಡಿಗೆ. ರಾತ್ರಿ ಊಟ ಬಿಡುವುದು ಬೇಡ ಅಂದರು. ಮೂರು ತಿಂಗಳಿಗೆ ಎ1ಸಿ ನೋಡಿ, ಸಾಲದಿದ್ದರೆ ಇನ್ನೊಂದು ಮಾತ್ರೆ ಯೋಚಿಸೋಣ ಅಂದಿದ್ದಾರೆ. ಈಗ ಬೆಳಗ್ಗೆ 140, 145 ಬರುತ್ತಿದೆ. 130 ಆಗಿಲ್ಲ, ಆದರೆ ಇಳಿಯುತ್ತಿದೆ. ಮೂರು ಗಂಟೆಯ ಪುಸ್ತಕ ಬರೆದವಳೇ ಬೀರುವಿನ ಬೀಗ ತೆಗೆದಿದ್ದಾಳೆ.

ಕೊಡಚಾದ್ರಿ_ಹಾದಿ
ಖುಷಿಯಾಯಿತು ಸರ್! ಇವತ್ತು ನಾನೂ ಮೂರು ಗಂಟೆಗೆ ಅಲಾರಾಂ ಇಡುತ್ತೇನೆ.

ಹಾವೇರಿ_ಏಲಕ್ಕಿ
ಹೊಸಬ, ಮೇಲಿನದೆಲ್ಲ ಓದಿದೆ. ನನ್ನ ಹೆಂಡತಿಗೆ ಈಗ ಏಳನೇ ತಿಂಗಳು. ಮೊದಲು ಶುಗರ್ ಇರಲಿಲ್ಲ, ಈಗ ಬಂದಿದೆ ಅಂದರು. ಊಟ ಕಟ್ಟುನಿಟ್ಟು ಮಾಡಿದ್ದಾಳೆ. ಬೆಳಗ್ಗೆ ಖಾಲಿ ಹೊಟ್ಟೆಗೆ 104, 107 ಬರುತ್ತಿದೆ. ನೀವೆಲ್ಲ 130ರವರೆಗೆ ಪರವಾಗಿಲ್ಲ ಅನ್ನುತ್ತಿದ್ದೀರಿ. ಹಾಗಾದರೆ ಇವಳದ್ದು ಸರಿಯೇ ಇದೆ ಅಲ್ವಾ?

ಸ್ಟಾಫ್‌ನರ್ಸ್_ಕುಂದಾಪುರ
ಇಲ್ಲ ತಮ್ಮ, ಬಸುರಿಯರಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಅವರಿಗೆ ಖಾಲಿ ಹೊಟ್ಟೆಗೆ 95ಕ್ಕಿಂತ ಕೆಳಗಿರಬೇಕು. ಊಟ ಸರಿಮಾಡಿಯೂ 104 ಬರುತ್ತಿದೆ ಅಂದರೆ ಇನ್ಸುಲಿನ್ ಬೇಕಾಗಬಹುದು, ಅದು ಮಗುವಿಗೆ ಅಪಾಯವಿಲ್ಲ. ಮುಂದಿನ ತಿಂಗಳ ಚೆಕಪ್‌ವರೆಗೆ ಕಾಯಬೇಡಿ. ಬರೆದಿಟ್ಟ ರೀಡಿಂಗ್, ತಾಯಿ ಕಾರ್ಡ್ ಎರಡೂ ಹಿಡಿದು ನಾಳೆಯೇ ನಿಮ್ಮ ಹೆರಿಗೆ ಡಾಕ್ಟರ ಹತ್ತಿರ ಹೋಗಿ. ಅವಳನ್ನು ಹಸಿದುಕೊಂಡು ಇರಲು ಬಿಡಬೇಡಿ.